ಸಿಂಧೂ ಲಿಪಿಯನ್ನು ಹಳೆಗನ್ನಡ ಅಂತ ಓದಿಬಿಟ್ಟರಂತೆ, ಎಷ್ಟು ನಂಬಬಹುದು?

ತುಂಗಾತೀರ:
ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಪಿಡಿಎಫ್ ಬಂದಿದೆ. ಹರಪ್ಪದ ಮುದ್ರೆಗಳ ಮೇಲಿರುವುದು ಹಳೆಗನ್ನಡವಂತೆ, ಯಾರೋ ಪೂರ್ತಿ ಓದಿಬಿಟ್ಟಿದ್ದಾರಂತೆ. ನಮ್ಮ ಚಿಕ್ಕಪ್ಪ ಆಗಲೇ ಗೊತ್ತಿರೋ ಗುಂಪಿಗೆಲ್ಲ ಕಳಿಸಿ ಆಗಿದೆ. ಒಂದು ಮುದ್ರೆಯಲ್ಲಿ ನಾಲ್ಕೈದು ಚಿಹ್ನೆ ಇದ್ದರೆ ಇವರು ಕೊಟ್ಟಿರೋ ಅರ್ಥ ಎರಡು ಸಾಲು ಉದ್ದ ಇದೆ, ಅಲ್ಲೇ ನನಗೆ ಅನುಮಾನ ಹತ್ತಿದ್ದು. ಬಲ್ಲವರು ಹೇಳಿ, ಈ ಲಿಪಿ ಬಗ್ಗೆ ನಿಜವಾಗಿ ಗೊತ್ತಿರೋದು ಎಷ್ಟು? ಇಷ್ಟೆಲ್ಲ ಕಂಪ್ಯೂಟರು, ಎಐ ಬಂದರೂ ಯಾಕೆ ಬಗೆಹರಿದಿಲ್ಲ?

ಹಳೇಶಾಸನ:
ಪಿಡಿಎಫ್ ತೆರೆಯೋ ಮೊದಲೇ ಕಾಲದ ಲೆಕ್ಕ ಹಾಕಿ. ಹರಪ್ಪ, ಮೊಹೆಂಜೊದಾರೊ ನಗರಗಳು ಮೆರೆದದ್ದು ಕ್ರಿ.ಪೂ. 2600ರಿಂದ 1900ರವರೆಗೆ. ನಮ್ಮ ಹಲ್ಮಿಡಿ ಶಾಸನ ಕ್ರಿ.ಶ. 450ರ ಸುಮಾರಿನದು. ನಡುವೆ ಎರಡು ಸಾವಿರದ ಮುನ್ನೂರು ವರ್ಷ. ಹಲ್ಮಿಡಿಯದು ಹದಿನಾರು ಸಾಲು, ಲಿಪಿ ಗೊತ್ತು, ಭಾಷೆ ಗೊತ್ತು, ಆದರೂ ಕೆಲವು ಸಾಲಿನ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಕ್ರಿ.ಪೂ. 2000ದಲ್ಲಿ "ಹಳೆಗನ್ನಡ" ಅನ್ನೋ ಭಾಷೆ ಇರೋಕೆ ಸಾಧ್ಯವಿಲ್ಲ. ದ್ರಾವಿಡ ಭಾಷೆಗಳಿಗೆಲ್ಲ ತಾಯಿಯಾದ ಒಂದು ಮಾತು ಇದ್ದಿರಬಹುದು, ಅದನ್ನು ಕನ್ನಡ ಅಂತ ಕರೆಯೋ ಹಕ್ಕು ನಮಗಿಲ್ಲ.

ಈಗ ಗೊತ್ತಿರೋದಕ್ಕೆ ಬರ್ತೀನಿ. ಬರೆದಿರೋದು ಬಲದಿಂದ ಎಡಕ್ಕೆ, ಇದಕ್ಕೆ ಕಣ್ಣಿಗೆ ಕಾಣೋ ಸಾಕ್ಷಿ ಇದೆ. ಮುದ್ರೆ ಒತ್ತಿದಾಗ ಮೂಡೋ ಅಚ್ಚನ್ನು ನೋಡಿ. ಬಲಗಡೆ ಚಿಹ್ನೆಗಳು ಆರಾಮಾಗಿ ಕೂತಿರ್ತವೆ. ಎಡಕ್ಕೆ ಬರ್ತಾ ಬರ್ತಾ ಜಾಗ ಸಾಲದೆ ಒತ್ತೊತ್ತಾಗ್ತವೆ, ಕೆಲವು ಮುದ್ರೆಗಳಲ್ಲಿ ಕೊನೆಯ ಚಿಹ್ನೆಯನ್ನು ಸಾಲಿನ ಕೆಳಗೆ ತುರುಕಿದ್ದಾನೆ ಕೆತ್ತಿದವನು. ರಾಜಸ್ಥಾನದ ಕಾಲಿಬಂಗನ್‌ನಲ್ಲಿ ಸಿಕ್ಕ ಮಡಕೆ ಚೂರುಗಳಲ್ಲಿ ಪುರಾತತ್ವಜ್ಞ ಬಿ.ಬಿ. ಲಾಲ್ ಇನ್ನೂ ಗಟ್ಟಿಯಾದದ್ದನ್ನು ತೋರಿಸಿದರು. ಎರಡು ಚಿಹ್ನೆಗಳ ಗೆರೆ ಒಂದನ್ನೊಂದು ದಾಟಿರೋ ಕಡೆ ಎಡಗಡೆಯದರ ಗೆರೆ ಮೇಲಿದೆ. ಅಂದರೆ ಅದನ್ನು ಆಮೇಲೆ ಗೀಚಿದ್ದು.

ಲಿಪಿತಜ್ಞ ಐರಾವತಂ ಮಹಾದೇವನ್ 1977ರಲ್ಲಿ ಮಾಡಿದ ಸೂಚಿಯಲ್ಲಿ 417 ಬೇರೆ ಬೇರೆ ಚಿಹ್ನೆ ಇವೆ. ಅಕ್ಷರಮಾಲೆಗೆ ಇದು ಬಹಳ ಜಾಸ್ತಿಯಾಯ್ತು, ಚೀನೀ ಥರ ಪದಕ್ಕೊಂದು ಚಿಹ್ನೆ ಅನ್ನೋಕೆ ಬಹಳ ಕಮ್ಮಿ. ಕೆಲವು ಚಿಹ್ನೆ ಪದಕ್ಕೆ, ಕೆಲವು ಉಚ್ಚಾರಕ್ಕೆ ಇರಬೇಕು ಅನ್ನೋದು ಹೆಚ್ಚಿನವರ ಅಭಿಪ್ರಾಯ. ಗಡಿಗೆ ಥರ ಕಾಣೋ ಒಂದು ಚಿಹ್ನೆ ನೂರಕ್ಕೆ ಹತ್ತು ಸಲ ಬರುತ್ತೆ, ಅದೂ ಹೆಚ್ಚಾಗಿ ಕೊನೆಯಲ್ಲಿ.

ಎಐ ಯಾಕೆ ಸೋಲುತ್ತೆ ಅಂದ್ರಲ್ಲ, ಅದಕ್ಕೆ ಕೊಡೋಕೆ ನಮ್ಮ ಹತ್ತಿರ ಏನಿದೆ? ಸರಾಸರಿ ಬರಹ ಐದು ಚಿಹ್ನೆ. ಒಂದೇ ಮುಖದ ಮೇಲಿರೋ ಅತಿ ಉದ್ದದ್ದು 17. ಮಹಾದೇವನ್ ಸೂಚಿಯ ಎಲ್ಲ ಬರಹ ಒಟ್ಟು ಹಾಕಿದರೂ ಹದಿಮೂರು ಸಾವಿರ ಚಿಲ್ಲರೆ ಚಿಹ್ನೆ, ಒಂದು ಸಣ್ಣ ಪುಸ್ತಕಕ್ಕೂ ಸಾಲಲ್ಲ. ಎರಡು ಭಾಷೆಯಲ್ಲಿ ಒಂದೇ ವಿಷಯ ಬರೆದ ಕಲ್ಲು, ಈಜಿಪ್ಟಿನ ರೊಸೆಟ್ಟಾ ಕಲ್ಲಿನಂಥದ್ದು, ಇನ್ನೂ ಸಿಕ್ಕಿಲ್ಲ.

ಬಳ್ಳಾರಿ_ಬಿಸಿಲು:
ತಮಿಳುನಾಡು ಸರ್ಕಾರ ಓದಿದವ್ರಿಗೆ ಹತ್ತು ಲಕ್ಷ ಡಾಲರ್ ಕೊಡ್ತೀನಿ ಅಂದೈತಲ್ರೀ. 2025ರ ಜನವರಿಯಾಗ ಸ್ಟಾಲಿನ್ ಅವ್ರು ಚೆನ್ನೈದಾಗ ಹೇಳಿದ್ರು. ತುಂಗಾತೀರ ಅವ್ರೇ, ನಿಮ್ಮ ಪಿಡಿಎಫ್ ಮಾಡಿದವ್ರು ಮೊದ್ಲು ಅಲ್ಲಿಗೆ ಹೋಗ್ಲಿ ಅಂತ ಹೇಳ್ರಿ.

ಸಂಶಯರಾಮ:
ಎಲ್ಲರೂ "ಲಿಪಿ" ಅಂತಲೇ ಶುರು ಮಾಡ್ತಿದ್ದೀರಿ. ಅದು ಲಿಪಿ ಅಂತ ಯಾರು ಹೇಳಿದ್ದು? 2004ರಲ್ಲಿ ಫಾರ್ಮರ್, ಸ್ಪ್ರೋಟ್, ವಿಟ್ಜೆಲ್ ಮೂವರು ಸೇರಿ ಬರೆದ ಲೇಖನ ಓದಿ. ಅವರ ವಾದ ಸರಳ. ಏಳುನೂರು ವರ್ಷ ಬಾಳಿದ ನಗರಗಳಲ್ಲಿ ಯಾರೂ ಒಂದು ಉದ್ದದ ಬರಹ ಬಿಟ್ಟಿಲ್ಲ. ಮಡಕೆ ಚೂರಿನ ಮೇಲೂ ಇಲ್ಲ, ಗೋಡೆ ಮೇಲೂ ಇಲ್ಲ. ತಾಳೆಗರಿ ಮೇಲೆ ಬರೆದಿದ್ದರು, ಕೊಳೆತುಹೋಯ್ತು ಅಂತೀರಿ. ಬೇರೆ ನಾಡುಗಳಲ್ಲಿ ಕೊಳೆಯೋ ವಸ್ತುವಿನ ಮೇಲೆ ಬರೆದವರು ಕಲ್ಲಿನ ಮೇಲೂ ಬರೆದಿದ್ದಾರಲ್ಲ? ಇವು ಮನೆತನದ, ದೇವರ, ಕಸುಬಿನ ಲಾಂಛನ ಇರಬಹುದು. ಲಾಂಛನವನ್ನು "ಓದೋಕೆ" ಹೋದರೆ ಯಾವ ಭಾಷೆ ಬೇಕಾದರೂ ಸಿಗುತ್ತೆ.

ಹಳೇಶಾಸನ:
ಸಂಶಯರಾಮ, ಆ ಲೇಖನಕ್ಕೆ ಉತ್ತರವೂ ಬಂದಿದೆ. 2009ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ರಾಜೇಶ್ ರಾವ್, ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನ ನಿಶಾ ಯಾದವ್, ಮಯಂಕ್ ವಾಹಿಯಾ, ಜೊತೆಗೆ ಮಹಾದೇವನ್ ಸೇರಿ ಒಂದು ಲೆಕ್ಕ ತೋರಿಸಿದರು. ಒಂದು ಚಿಹ್ನೆ ಆದ ಮೇಲೆ ಯಾವುದು ಬರಬಹುದು ಅನ್ನೋದರಲ್ಲಿ ಪೂರ್ತಿ ಸ್ವಾತಂತ್ರ್ಯವೂ ಇಲ್ಲ, ಪೂರ್ತಿ ಕಟ್ಟುಪಾಡೂ ಇಲ್ಲ. ಮನುಷ್ಯ ಭಾಷೆಗಳು ಬೀಳೋ ಜಾಗದಲ್ಲೇ ಇದೂ ಬೀಳುತ್ತೆ.

ಸಂಶಯರಾಮ:
ಆ ಲೆಕ್ಕಕ್ಕೆ ಸ್ಪ್ರೋಟ್ ಮರುಉತ್ತರ ಕೊಟ್ಟಿದ್ದಾರೆ. ಭಾಷೆಯಲ್ಲದ ಚಿಹ್ನೆ ವ್ಯವಸ್ಥೆಗಳೂ ಅದೇ ಜಾಗದಲ್ಲಿ ಬೀಳಬಹುದು. ಕ್ರಮ ಇದೆ ಅಂದ ಮಾತ್ರಕ್ಕೆ ಭಾಷೆ ಇದೆ ಅಂತ ಆಗಲ್ಲ.

ಕುಕ್ಕರಹಳ್ಳಿ:
ಬರಹ ಚಿಕ್ಕದು, ಅದಕ್ಕೇ ಓದೋಕಾಗಲ್ಲ ಅನ್ನೋದನ್ನು ನಾನು ಪೂರ್ತಿ ಒಪ್ಪಲ್ಲ ಕಣ್ರೀ. 1837ರಲ್ಲಿ ಇಂಗ್ಲಿಷ್ ವಿದ್ವಾಂಸ ಪ್ರಿನ್ಸೆಪ್ ಅಶೋಕನ ಕಾಲದ ಬ್ರಾಹ್ಮಿ ಲಿಪಿ ಬಿಡಿಸಿದ್ದು ಹೇಗೆ? ಸಾಂಚಿ ಸ್ತೂಪದ ಕಲ್ಲುಗಳ ಮೇಲೆ ತುಂಡು ತುಂಡು ಸಾಲು. ಎಲ್ಲವೂ ಒಂದೇ ಥರ ಮುಗೀತಿದ್ದವು. ಇವು ಭಕ್ತರು ಕೊಟ್ಟ ಕಾಣಿಕೆ ಇರಬೇಕು, ಕೊನೆಯ ಪದ "ದಾನಂ" ಇರಬೇಕು ಅಂತ ಅವರಿಗೆ ಹೊಳೀತು. ಅಲ್ಲಿಂದ ಸರಸರ ಬಿಚ್ಚಿಕೊಳ್ತು. ಇಲ್ಲೂ ಕೊನೆಯಲ್ಲಿ ಗಡಿಗೆ ಚಿಹ್ನೆ ಪದೇ ಪದೇ ಬರುತ್ತಲ್ಲ?

ಹಳೇಶಾಸನ:
ಈ ಎಳೆಯಲ್ಲೇ ಒಳ್ಳೆಯ ಪ್ರಶ್ನೆ ಇದು. ಪ್ರಿನ್ಸೆಪ್ ಕೈಯಲ್ಲಿ ಎರಡು ಆಸರೆ ಇದ್ದವು. ಬ್ರಾಹ್ಮಿಯ ಮೊಮ್ಮಕ್ಕಳು ನಮ್ಮ ಇವತ್ತಿನ ಲಿಪಿಗಳು, ಅದರಿಂದ ಹಿಂದಕ್ಕೆ ನಡೀಬಹುದಿತ್ತು. ಭಾಷೆ ಪ್ರಾಕೃತ, ಅದನ್ನು ಬಲ್ಲ ಪಂಡಿತರಿದ್ದರು. ಜೊತೆಗೆ ಒಂದು ಕಡೆ ಗ್ರೀಕ್, ಇನ್ನೊಂದು ಕಡೆ ಭಾರತೀಯ ಲಿಪಿ ಇದ್ದ ನಾಣ್ಯಗಳು. ಸಿಂಧೂ ಲಿಪಿಗೆ ಸಂತಾನ ಇಲ್ಲ, ಕ್ರಿ.ಪೂ. 1900ರ ಹೊತ್ತಿಗೆ ನಗರಗಳ ಜೊತೆ ಅದೂ ಹೋಯ್ತು. ಭಾಷೆ ಯಾವುದು ಅಂತಲೇ ಜಗಳ. ಗಡಿಗೆ ಚಿಹ್ನೆ ವಿಭಕ್ತಿ ಪ್ರತ್ಯಯ ಅಂತ ಒಬ್ಬರು, ಗೌರವಸೂಚಕ ಅಂತ ಇನ್ನೊಬ್ಬರು, ಎರಡೂ ಕೂರುತ್ತೆ. ಒಂದೇ ಕೂರೋ ಹಾಗೆ ಮಾಡೋ ಸಾಕ್ಷಿ ಬೇಕಲ್ಲ.

ದ್ರಾವಿಡ ಪಕ್ಷದ ಗಟ್ಟಿ ವಾದ ಮೀನಿನ ಚಿಹ್ನೆಯದು. ದ್ರಾವಿಡ ಭಾಷೆಗಳಲ್ಲಿ ಮೀನು ಅಂದರೆ ಮೀನೂ ಹೌದು ನಕ್ಷತ್ರವೂ ಹೌದು, ಹಾಗಾಗಿ ಮೀನು ಬರೆದು ನಕ್ಷತ್ರ ಅಂತ ಓದಿಸ್ತಿದ್ದರು ಅಂತ ಮೊದಲು ಫಾದರ್ ಹೆರಾಸ್, ಆಮೇಲೆ ಆಸ್ಕೋ ಪಾರ್ಪೊಲಾ ಹೇಳಿದರು. ಬಲೂಚಿಸ್ತಾನದಲ್ಲಿ ಇವತ್ತಿಗೂ ಬ್ರಾಹುಯಿ ಅನ್ನೋ ದ್ರಾವಿಡ ಭಾಷೆ ಇದೆ, ಆದರೆ ಅವರು ಆಮೇಲೆ ಅಲ್ಲಿಗೆ ಹೋದವರು ಅನ್ನೋ ವಾದವೂ ಇದೆ. ನನ್ನ ಮನಸ್ಸು ದ್ರಾವಿಡದ ಕಡೆ ವಾಲುತ್ತೆ. ವಾಲುತ್ತೆ ಅಷ್ಟೇ, ಅದರ ಮೇಲೆ ಬಾಜಿ ಕಟ್ಟಲ್ಲ.

ತುಂಗಾತೀರ:
ಕನ್ನಡದವರೇ ಒಬ್ಬರು ಓದಿದ್ದಾರೆ ಅಂತ ಚಿಕ್ಕಪ್ಪ ಹಟ ಹಿಡಿದಿದ್ದಾರೆ. ಎಸ್.ಆರ್. ರಾವ್ ಅಂತ. ಇವರು ಯಾರು?

ಕುಕ್ಕರಹಳ್ಳಿ:
ಶಿಕಾರಿಪುರ ರಂಗನಾಥ ರಾವ್. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ ಪುರಾತತ್ವ ಇಲಾಖೆ ಸೇರಿದವರು, 2013ರಲ್ಲಿ ತೀರಿಕೊಂಡರು. ದೊಡ್ಡ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ದೇಶ ಒಡೆದಾಗ ಹರಪ್ಪ, ಮೊಹೆಂಜೊದಾರೊ ಎರಡೂ ಪಾಕಿಸ್ತಾನಕ್ಕೆ ಹೋದವು, ಈ ಕಡೆ ದೊಡ್ಡ ನೆಲೆ ಅಂತ ಹೇಳಿಕೊಳ್ಳೋಕೆ ಹೆಚ್ಚೇನೂ ಉಳಿದಿರಲಿಲ್ಲ. ಆಗ ಗುಜರಾತಿನಲ್ಲಿ ಲೋಥಲ್ ಹುಡುಕಿ 1955ರಿಂದ ಅಗೆಸಿದವರು ಇವರು. ಆಮೇಲೆ ದ್ವಾರಕೆಯಲ್ಲಿ ಸಮುದ್ರದೊಳಗೆ ಶೋಧ ಮಾಡಿಸಿದರು. 1982ರಲ್ಲಿ ಸಿಂಧೂ ಲಿಪಿ ಓದಿದ್ದೇನೆ ಅಂತ ಪುಸ್ತಕ ತಂದರು. ಆದರೆ ನಿಮ್ಮ ಚಿಕ್ಕಪ್ಪನಿಗೆ ಬೇಸರ ಆಗುತ್ತೆ, ಅವರು ಓದಿದ್ದು ಕನ್ನಡ ಅಂತಲ್ಲ, ದ್ರಾವಿಡ ಅಂತಲೂ ಅಲ್ಲ, ಸಂಸ್ಕೃತಕ್ಕೆ ಹತ್ತಿರದ ಆರ್ಯ ಭಾಷೆ ಅಂತ. ವಿದ್ವತ್ ವಲಯ ಅದನ್ನು ಒಪ್ಪಲಿಲ್ಲ. ಅಗೆತದ ಕೆಲಸಕ್ಕೆ ಕೊಡೋ ಮರ್ಯಾದೆ ಬೇರೆ, ಲಿಪಿ ಓದಿಗೆ ಕೊಡೋ ಅಂಕ ಬೇರೆ.

ಗಾರೆ_ಗುತ್ತಿಗೆ:
ಲೋಥಲ್‌ನಲ್ಲಿ ಅವರು ತೋರಿಸಿದ ಇಟ್ಟಿಗೆ ಕಟ್ಟೆಯ ದೊಡ್ಡ ಕೊಳ, ಸುಮಾರು 215 ಮೀಟರ್ ಉದ್ದ, 35 ಮೀಟರ್ ಅಗಲ. ಹಡಗುಕಟ್ಟೆ ಅಂದರು ರಾವ್. ಬರೀ ನೀರಿನ ಕೆರೆ ಅಂತ ವಾದ ಮಾಡಿದವರೂ ಇದ್ದಾರೆ. 2024ರಲ್ಲಿ ಐಐಟಿ ಗಾಂಧಿನಗರದವರು ಉಪಗ್ರಹ ಚಿತ್ರ ಇಟ್ಟುಕೊಂಡು ಸಾಬರಮತಿ ಒಂದು ಕಾಲಕ್ಕೆ ಲೋಥಲ್ ಪಕ್ಕದಲ್ಲೇ ಹರೀತಿತ್ತು ಅಂತ ತೋರಿಸಿ ಹಡಗುಕಟ್ಟೆ ಕಡೆಗೆ ತಕ್ಕಡಿ ಬಗ್ಗಿಸಿದ್ದಾರೆ.

ನಾನು ಸಿವಿಲ್ ಕೆಲಸದವನು, ಲಿಪಿಗಿಂತ ನನಗೆ ದೊಡ್ಡ ಒಗಟು ಇಟ್ಟಿಗೆ. ದಪ್ಪ ಒಂದು ಪಾಲು, ಅಗಲ ಎರಡು, ಉದ್ದ ನಾಲ್ಕು. ಮನೆಗೆ ಬಳಸಿದ್ದು ಹೆಚ್ಚಾಗಿ 7, 14, 28 ಸೆಂಟಿಮೀಟರಿನದು. ಹರಪ್ಪದಿಂದ ಮೊಹೆಂಜೊದಾರೊಗೆ ಸುಮಾರು ಆರುನೂರು ಕಿಲೋಮೀಟರ್ ಇದೆ, ಎರಡೂ ಕಡೆ ಅದೇ ಅಳತೆ. ಇವತ್ತು ನಾನು ಒಂದೇ ತಾಲ್ಲೂಕಿನ ಎರಡು ಗೂಡಿನಿಂದ ಲೋಡ್ ತರಿಸಿದರೆ ಇಟ್ಟಿಗೆ ಒಂದಕ್ಕೊಂದು ಕೂರಲ್ಲ, ಮೇಸ್ತ್ರಿ ಬೈತಾನೆ. ಈ ಪ್ರಮಾಣ ಇದ್ದರೆ ಒಂದು ವರಸೆ ಉದ್ದಕ್ಕೆ, ಮೇಲಿನ ವರಸೆ ಅಡ್ಡಕ್ಕೆ ಇಡಬಹುದು, ಸಂದುಗಳು ಒಂದರ ಮೇಲೊಂದು ಬರಲ್ಲ, ಗೋಡೆ ಸೀಳಲ್ಲ. ಬಾವಿಗೆ ಒಂದು ತುದಿ ಕಿರಿದಾದ ಬೇರೆ ಇಟ್ಟಿಗೆ. ಸುತ್ತ ಜೋಡಿಸಿದರೆ ಮಣ್ಣು ಒತ್ತಿದಷ್ಟೂ ಬಿಗಿಯಾಗುತ್ತೆ. ಮೊಹೆಂಜೊದಾರೊದಲ್ಲಿ ಇಂಥ ಏಳುನೂರು ಬಾವಿ ಇದ್ದಿರಬಹುದು ಅಂತ ಯಾನ್ಸೆನ್ ಅನ್ನೋ ಜರ್ಮನ್ ತಜ್ಞರ ಅಂದಾಜು. ಮಹಾಸ್ನಾನಗೃಹ ಸುಮಾರು 12 ಮೀಟರಿಗೆ 7 ಮೀಟರು, ಆಳ 2.4. ಇಟ್ಟಿಗೆ ಸಂದಿಗೆ ಜಿಪ್ಸಮ್ ಗಾರೆ, ಅದರ ಹಿಂದೆ ನೀರು ಇಂಗದ ಹಾಗೆ ಡಾಂಬರಿನಂಥ ಬಿಟುಮೆನ್ ಪದರ. ಇವತ್ತಿನ ವಾಟರ್‌ಪ್ರೂಫಿಂಗ್‌ನವರು ಐದು ವರ್ಷ ಗ್ಯಾರಂಟಿ ಕೊಡೋಕೆ ಮೀನಮೇಷ ಎಣಿಸ್ತಾರೆ.

ಹೊಟ್ಟೆ ಉರಿಯೋದು ಎಲ್ಲಿ ಅಂದರೆ, ಹರಪ್ಪದ ಇಟ್ಟಿಗೆಯನ್ನು ಬ್ರಿಟಿಷರ ಕಾಲದ ಗುತ್ತಿಗೆದಾರರು ಲಾಹೋರ್ ಮುಲ್ತಾನ್ ರೈಲು ಹಳಿಯ ಕೆಳಗೆ ಜಲ್ಲಿ ಥರ ಸುರಿದರು. ಸುಮಾರು ನೂರು ಮೈಲಿ ಉದ್ದಕ್ಕೆ ಸಾಕಾಗುವಷ್ಟು ಅಂತ ಆಗಿನ ಪುರಾತತ್ವ ಇಲಾಖೆಯ ಮುಖ್ಯಸ್ಥ ಕನಿಂಗ್‌ಹ್ಯಾಮ್ ಬರೆದಿದ್ದಾರೆ. ದಯಾರಾಮ್ ಸಾಹ್ನಿ 1921ರಲ್ಲಿ ಅಗೆಯೋ ಹೊತ್ತಿಗೆ ಮೇಲಿನದೆಲ್ಲ ಹೋಗಿ ಆಗಿತ್ತು.

ಬಳ್ಳಾರಿ_ಬಿಸಿಲು:
ಅಳತಿ ಒಂದೇ ಇಡಬೇಕಂದ್ರ ಯಾರೋ ಒಬ್ಬ ರಾಜ ಇರಬೇಕಲ್ರೀ? ದಂಡ ಇಲ್ದ ಜನ ಕೇಳ್ತಾರೇನು?

ಗಾರೆ_ಗುತ್ತಿಗೆ:
ಅದೇ ಸಿಗ್ತಿಲ್ಲ. ಅರಮನೆ ಅಂತ ಬೊಟ್ಟು ಮಾಡಿ ತೋರಿಸೋ ಕಟ್ಟಡ ಇಲ್ಲ, ರಾಜನ ಸಮಾಧಿ ಇಲ್ಲ, ಗೆದ್ದ ರಾಜ ಸೋತವನನ್ನು ತುಳಿಯೋ ಚಿತ್ರ ಇಲ್ಲ. ಈಜಿಪ್ಟು, ಮೆಸೊಪೊಟೇಮಿಯಾದಲ್ಲಿ ಎಲ್ಲಿ ನೋಡಿದರೂ ಅದೇ. "ಪುರೋಹಿತ ರಾಜ" ಅಂತ ಪ್ರಸಿದ್ಧವಾದ ಪ್ರತಿಮೆ ಹದಿನೇಳೂವರೆ ಸೆಂಟಿಮೀಟರಿನ ಮುರಿದ ಕಲ್ಲು. ಅವನು ಪುರೋಹಿತನೂ ರಾಜನೂ ಅನ್ನೋದು ಅಗೆದವರು ಇಟ್ಟ ಹೆಸರು. ತೂಕದ ಕಲ್ಲುಗಳು ಮಾತ್ರ ಎಲ್ಲ ಊರಲ್ಲೂ ಒಂದೇ. ನುಣುಪಾಗಿ ತಿಕ್ಕಿದ ಚೌಕ ಕಲ್ಲು, ಒಂದರ ಎರಡರಷ್ಟು, ಅದರ ಎರಡರಷ್ಟು ಹೀಗೆ ಹೋಗುತ್ತೆ, ಹೆಚ್ಚಾಗಿ ಸಿಗೋದು 13.7 ಗ್ರಾಮಿನ ಆಸುಪಾಸಿನದು. ವ್ಯಾಪಾರಿಗಳ ಕೂಟವೇ ಊರು ನಡೆಸ್ತಿತ್ತು ಅಂತ ನನ್ನ ಗುಮಾನಿ. ಲಾಭ ಇದ್ದ ಕಡೆ ಅಳತೆ ತಾನಾಗೇ ಒಂದಾಗುತ್ತೆ.

ಸಂಶಯರಾಮ:
ನೋಡಿ, ಈಗ ನೀವೂ ಪುರಾವೆ ಇಲ್ಲದೆ ಕಥೆ ಕಟ್ಟಿದ್ರಿ.

ಗಾರೆ_ಗುತ್ತಿಗೆ:
ಗುಮಾನಿ ಅಂತ ಹೇಳಿಯೇ ಕಟ್ಟಿದ್ದು ಸ್ವಾಮಿ.

ತುಂಗಾತೀರ:
ಪಿಡಿಎಫ್‌ನ ಕೊನೇ ಪುಟದಲ್ಲಿ ಮೊಹೆಂಜೊದಾರೊ ಅಣುಬಾಂಬಿನಿಂದ ನಾಶವಾಯ್ತು, ಬೀದಿಯಲ್ಲಿ ಬಿದ್ದ ಅಸ್ಥಿಪಂಜರಗಳಲ್ಲಿ ವಿಕಿರಣ ಇತ್ತು ಅಂತಲೂ ಇದೆ.

ಹಳೇಶಾಸನ:
ಇಲ್ಲ. ಸಿಕ್ಕ ಅಸ್ಥಿಪಂಜರ ಮೂವತ್ತೇಳರ ಸುಮಾರು, ಅವೂ ಒಂದೇ ಪದರದಲ್ಲಿ ಒಂದೇ ದಿನ ಸತ್ತವರದಲ್ಲ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇದನ್ನೇ ಇಟ್ಟುಕೊಂಡು ಆರ್ಯರ ದಾಳಿ ಅಂದರು, ಇಂದ್ರನನ್ನು ಆರೋಪಿ ಮಾಡಿದರು. 1964ರಲ್ಲಿ ಜಾರ್ಜ್ ಡೇಲ್ಸ್ ಅದನ್ನು ಬಿಚ್ಚಿ ನೋಡಿದರೆ ಹತ್ಯಾಕಾಂಡವೇ ಇರಲಿಲ್ಲ. ಸುಟ್ಟ ಕೋಟೆ ಇಲ್ಲ, ಶಸ್ತ್ರಗಳ ರಾಶಿ ಇಲ್ಲ. ಆಮೇಲೆ ಮೂಳೆ ಪರೀಕ್ಷಿಸಿದ ಕೆನಡಿ ಅವರಿಗೆ ಏಟು ಬಿದ್ದ ಗುರುತು ಕಂಡದ್ದು ಒಂದೆರಡರಲ್ಲಿ. ಬಾಂಬು ಹಾಕಿದ್ದರೆ ಇಟ್ಟಿಗೆ ಗೋಡೆ ಇಷ್ಟೆತ್ತರ ನಿಲ್ತಿತ್ತಾ?

ನಗರಗಳು ಖಾಲಿಯಾದದ್ದು ನಿಧಾನವಾಗಿ. ಸುಮಾರು 4,200 ವರ್ಷದ ಹಿಂದೆ ಮುಂಗಾರು ಸೊರಗಿತು. ಇದರ ಗುರುತು ಮೇಘಾಲಯದ ಮಾವ್ಮ್ಲುಹ್ ಗುಹೆಯ ಸುಣ್ಣದ ಕಂಬದಲ್ಲಿ ಸಿಕ್ಕಿದೆ. 2018ರಲ್ಲಿ ಭೂವಿಜ್ಞಾನಿಗಳು ಅಲ್ಲಿಂದ ಈಚಿನ ಯುಗಕ್ಕೆ ಮೇಘಾಲಯನ್ ಅಂತಲೇ ಹೆಸರಿಟ್ಟರು. ಜನ ಪೂರ್ವಕ್ಕೆ, ಹರಿಯಾಣ, ಪಶ್ಚಿಮ ಉತ್ತರ ಪ್ರದೇಶದ ಕಡೆ ಸಣ್ಣ ಊರು ಕಟ್ಟಿಕೊಂಡು ಹೋದರು. ತೂಕ, ಮುದ್ರೆ, ಬರವಣಿಗೆ ದೊಡ್ಡ ಪೇಟೆಗೆ ಬೇಕಾದವು, ಹಳ್ಳಿಗೆ ಬೇಕಾಗಲಿಲ್ಲ.

ಕುಕ್ಕರಹಳ್ಳಿ:
ಸರಸ್ವತಿ ಬತ್ತಿದ್ದು ಕಾರಣ ಅಲ್ವಾ?

ಹಳೇಶಾಸನ:
ಸರಸ್ವತಿ ಅಂತ ಕೆಲವರು ಗುರುತಿಸೋ ಘಗ್ಗರ್ ಹಕ್ರಾ ನದಿಯ ಪಾತ್ರದಲ್ಲಿ ಊರುಗಳು ಸಾಲು ಸಾಲಾಗಿ ಇರೋದು ನಿಜ. 2017ರ ಒಂದು ಅಧ್ಯಯನ ಸಟ್ಲೆಜ್ ಆ ಪಾತ್ರ ಬಿಟ್ಟು 8,000 ವರ್ಷ ಆಗಿತ್ತು, ಹರಪ್ಪದವರು ನೆಲೆಸಿದ್ದು ಹಳೇ ಪಾತ್ರದ ಮಳೆನೀರಿನ ಪಕ್ಕ ಅಂತು. 2019ರ ಇನ್ನೊಂದು, ಸುಮಾರು 4,500 ವರ್ಷದ ಹಿಂದಿನವರೆಗೂ ಹಿಮಾಲಯದ ನೀರು ಬರ್ತಿತ್ತು ಅಂತು. ಇಬ್ಬರೂ ಮರಳಿನ ಕಾಲಮಾನ ಅಳೆದೇ ಮಾತಾಡ್ತಿರೋದು.

ಬಳ್ಳಾರಿ_ಬಿಸಿಲು:
ನಮ್ಮ ಕಡೆ ಆವಾಗ ಏನಿತ್ತು ಅಂತ ಯಾರೂ ಕೇಳಂಗಿಲ್ಲ ನೋಡ್ರಿ. ಅಲ್ಲಿ ಆ ನಗರಗಳು ಇದ್ದ ಕಾಲದಾಗ ಇಲ್ಲಿ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡದಾಗ ದನಗಾರರು ಇದ್ರು. ಸಗಣಿ ಗುಡ್ಡೆ ಹಾಕಿ ಹಾಕಿ ಸುಟ್ಟು ಬೂದಿಗುಡ್ಡ ಮಾಡ್ಯಾರ. ಹತ್ತಿರ ಹೋಗಿ ನೋಡಿದ್ರ ಬೂದಿ ಕರಗಿ ಗಾಜಿನ ಕಿಟ್ಟದಂಗ ಗಟ್ಟಿಯಾಗೈತಿ, ಅಷ್ಟು ಬೆಂಕಿ. ಯಾಕ ಸುಟ್ರು, ಹಬ್ಬಕ್ಕೋ ಕಸಕ್ಕೋ, ಇನ್ನೂ ವಾದ ನಡದೈತಿ. ತಿಂತಿದ್ದಿದ್ದು ಹುರುಳಿ, ಹೆಸರು, ಕೊರಲೆ. ಗೋಧಿ ಆಮ್ಯಾಲ ಉತ್ತರದಿಂದ ಬಂತು. ಹರಪ್ಪದ ಬಂಗಾರ ನಮ್ಮ ಕೋಲಾರ, ಹಟ್ಟಿಯಿಂದ ಹೋಗಿದ್ದು ಅಂತಾರಲ್ಲ, ಅದು ಖರೇನೇನು?

ಕುಕ್ಕರಹಳ್ಳಿ:
ಮೊಹೆಂಜೊದಾರೊ ಅಗೆಸಿದ ಜಾನ್ ಮಾರ್ಷಲ್ ಕಾಲದಿಂದ ಇರೋ ಮಾತು ಅದು. ಅಲ್ಲಿನ ಚಿನ್ನದಲ್ಲಿ ಬೆಳ್ಳಿ ಬೆರೆತಿತ್ತು, ಕೋಲಾರದ ಅದಿರೂ ಹಾಗೇ ಅಂತ ಹೊಂದಿಸಿದರು. ಆಫ್ಘಾನಿಸ್ತಾನದ ಹೊಳೆಮರಳಲ್ಲೂ ಚಿನ್ನ ಸಿಗುತ್ತೆ, ಅವರಿಗೆ ಅದು ಹತ್ತಿರ. ಪಠ್ಯಪುಸ್ತಕದಲ್ಲಿ ಬರೋವಷ್ಟು ಖಚಿತ ಅಲ್ಲ.

ತುಂಗಾತೀರ:
ಸರಿ, ಚಿಕ್ಕಪ್ಪನಿಗೆ ನೋವಾಗದ ಹಾಗೆ ಏನು ಕೇಳಲಿ?

ಹಳೇಶಾಸನ:
ಗುಜರಾತಿನ ಹರಪ್ಪ ಕಾಲದ ನಗರ ಧೋಲಾವೀರಾದ ಫಲಕ ಓದಿಸಿ. ಆರ್.ಎಸ್. ಬಿಷ್ಟ್ ತಂಡಕ್ಕೆ ಅಲ್ಲಿನ ಉತ್ತರ ಬಾಗಿಲ ಪಕ್ಕದ ಕೋಣೆಯಲ್ಲಿ ಸಿಕ್ಕಿದ್ದು. ಮರದ ಹಲಗೆ ಮೇಲೆ ಬಿಳಿ ಜಿಪ್ಸಮ್ ತುಂಡು ಕೂರಿಸಿದ ಹತ್ತು ಚಿಹ್ನೆ, ಒಂದೊಂದೂ ಮೊಣಕೈ ಉದ್ದದ ಹತ್ತಿರ. ಮರ ಮಣ್ಣಾಗಿದೆ, ಜಿಪ್ಸಮ್ ಸಾಲು ಹಾಗೇ ಉಳಿದಿದೆ. ಅದರಲ್ಲಿ ಒಳಗೆ ಕಡ್ಡಿಗಳಿರೋ ಚಕ್ರದಂಥ ಒಂದೇ ಚಿಹ್ನೆ ನಾಲ್ಕು ಸಲ ಬರುತ್ತೆ. ಪಿಡಿಎಫ್‌ನಲ್ಲಿ ಚಕ್ರಕ್ಕೆ ಏನು ಬೆಲೆ ಕೊಟ್ಟಿದ್ದಾರೋ ಅದನ್ನೇ ನಾಲ್ಕೂ ಕಡೆ ಹಾಕಿ, ಒಂದು ಅಕ್ಷರ ಕೂಡಿಸದೆ ಕಳೆಯದೆ ಓದಲಿ. ಅರ್ಥ ಬಂದರೆ ಅದೇ ಬೆಲೆಯಲ್ಲಿ ಹರಪ್ಪದ ಇನ್ನು ಇಪ್ಪತ್ತು ಮುದ್ರೆ ಓದಿಸಿ. ಒಂದು ಕಡೆ "ಕ", ಇನ್ನೊಂದು ಕಡೆ "ಕಾಲ", ಮತ್ತೊಂದು ಕಡೆ "ಸೂರ್ಯ" ಅಂತ ಜಾರಿದರೆ ಆಟ ಮುಗೀತು.

ಮನಾಮಾದಿಂದ:
ನಾನು ಇರುವುದು ಬಹರೈನಲ್ಲಿ, ಊರು ಕುಂದಾಪುರ ಹತ್ತಿರ. ನೀವೆಲ್ಲ ಊರಲ್ಲೇ ಹುಡುಕುತ್ತಿದ್ದೀರಿ ಮಾರಾಯ್ರೆ. ಇಲ್ಲಿಯ ಹಳೆಯ ಹೆಸರು ದಿಲ್ಮುನ್. ಡೆನ್ಮಾರ್ಕಿನವರು 1950ರ ದಶಕದಲ್ಲಿ ಇಲ್ಲಿ ಕೋಟೆ ದಿಬ್ಬ ಅಗೆದಾಗ ಹರಪ್ಪದ ಮಾದರಿಯ ತೂಕದ ಕಲ್ಲು ಸಿಕ್ಕಿದೆ. ಮೆಸೊಪೊಟೇಮಿಯಾದ ಅಕ್ಕಾಡಿನ ರಾಜ ಸಾರ್ಗೊನ್ ತನ್ನ ಕಟ್ಟೆಯಲ್ಲಿ ಮೆಲುಹ್ಹ, ಮಾಗನ್ (ಈಗಿನ ಒಮಾನ್ ಕಡೆ), ದಿಲ್ಮುನ್ ಹಡಗು ನಿಲ್ಲಿಸಿದೆ ಎಂದು ಬರೆಸಿದ್ದಾನೆ. ಮೆಲುಹ್ಹ ಅಂದರೆ ಸಿಂಧೂ ಕಡೆ ಎಂದು ಹೆಚ್ಚಿನವರು ಒಪ್ಪುತ್ತಾರೆ. ಉರ್‌ನ ರಾಜಸಮಾಧಿಯಲ್ಲಿ ಅಲ್ಲಿಂದ ಹೋದ ಕಾರ್ನೀಲಿಯನ್ ಕೆಂಪು ಮಣಿ ಉಂಟು. ಪ್ಯಾರಿಸಿನ ಲೂವ್ರ್‌ನಲ್ಲಿ ಒಂದು ಉರುಳೆ ಮುದ್ರೆ ಉಂಟು, ಅದರ ಮೇಲೆ ಮೆಸೊಪೊಟೇಮಿಯಾದ ಬೆಣೆಯಾಕಾರದ ಲಿಪಿ ಕ್ಯೂನಿಫಾರ್ಮಿನಲ್ಲಿ ಬರೆದದ್ದು "ಶು-ಇಲಿಶು, ಮೆಲುಹ್ಹ ಭಾಷೆಯ ದುಭಾಷಿ" ಅಂತ. ಎರಡೂ ಭಾಷೆ ಬಲ್ಲ ಒಬ್ಬ ಮನುಷ್ಯ ಸಂಬಳಕ್ಕೆ ಇದ್ದ ಅಂದ ಮೇಲೆ ಎರಡೂ ಲಿಪಿಯ ಒಂದು ರಸೀದಿಯಾದರೂ ಇರಾಕಿನ ಮಣ್ಣಲ್ಲಿ ಇರಲಿಕ್ಕೆ ಸಾಕು.

ಹಳೇಶಾಸನ:
ಆ ಕೊಲ್ಲಿಯ ಗುಂಡು ಮುದ್ರೆಗಳ ಬಗ್ಗೆಯೂ ಬರೀರಿ. ಅವುಗಳ ಮೇಲೆ ಇರೋದು ಸಿಂಧೂ ಚಿಹ್ನೆಗಳೇ, ಆದರೆ ಸಾಲು ಬೇರೆ. ಸಿಂಧೂ ನಗರಗಳಲ್ಲಿ ಎಂದೂ ಪಕ್ಕ ಪಕ್ಕ ಬರದ ಚಿಹ್ನೆಗಳು ಅಲ್ಲಿ ಒಟ್ಟಿಗೆ ಬರ್ತವೆ. ಹೊರನಾಡಿಗೆ ಹೋಗಿ ನೆಲೆಸಿದ ವ್ಯಾಪಾರಿಗಳು ಅಲ್ಲಿನ ಭಾಷೆಯ ಹೆಸರುಗಳನ್ನು ತಮ್ಮ ಲಿಪಿಯಲ್ಲಿ ಬರೆದರೆ ಹೀಗೇ ಆಗಬೇಕು. ಸಂಶಯರಾಮ, ಬರೀ ಲಾಂಛನ ಆಗಿದ್ದರೆ ಊರು ಬದಲಾದ ಕೂಡಲೇ ಸಾಲು ಯಾಕೆ ಬದಲಾಗಬೇಕು?

ಸಂಶಯರಾಮ:
ದೇವರು ಬದಲಾದರೆ ಲಾಂಛನದ ಸಾಲೂ ಬದಲಾಗುತ್ತೆ. ಆದರೆ ಇದುವರೆಗೆ ನೀವು ಕೊಟ್ಟಿದ್ದರಲ್ಲಿ ಇದೊಂದು ನನಗೆ ತೊಡಕು ಮಾಡ್ತಿದೆ, ಒಪ್ತೀನಿ. ಅಂಥ ಮುದ್ರೆ ಸಿಕ್ಕಿರೋದು ತೀರಾ ಕಮ್ಮಿ, ಅಷ್ಟರ ಮೇಲೆ ಲೆಕ್ಕ ನಿಲ್ಲುತ್ತಾ ಅನ್ನೋದು ನೋಡಬೇಕು. ಮನಾಮಾದವರೇ, ಅಲ್ಲಿನ ಮ್ಯೂಸಿಯಂನಲ್ಲಿ ಚಿಹ್ನೆ ಇರೋ ಗುಂಡು ಮುದ್ರೆ ಇಟ್ಟಿದ್ದಾರಾ?

ಮನಾಮಾದಿಂದ:
ದಿಲ್ಮುನ್ ವಿಭಾಗದಲ್ಲಿ ಮುದ್ರೆ ತುಂಬ ಉಂಟು, ಆದರೆ ಹೆಚ್ಚಿನದರಲ್ಲಿ ಬರೀ ಜಿಂಕೆ, ಮನುಷ್ಯ ಉಂಟು, ಬರಹ ಇಲ್ಲ. ಬರುವ ಶುಕ್ರವಾರ ರಜೆ, ಹೋಗಿ ಒಂದೊಂದೇ ನೋಡ್ತೇನೆ. ಗಾಜಿನ ಮೇಲೆ ಲೈಟು ಬೀಳದ ಹಾಗೆ ಫೋಟೋ ಬಂದರೆ ಇಲ್ಲೇ ಹಾಕ್ತೇನೆ. ಅಚ್ಚಿನದ್ದಾ, ಕಲ್ಲಿನದ್ದಾ ಅಂತ ಮೊದಲು ಕೇಳಿ ಆಮೇಲೆ ಓದ್ಲಿಕ್ಕೆ ಕೂತ್ಕೊಳ್ಳಿ, ಇಲ್ಲದಿದ್ದರೆ ಎಡ ಬಲ ತಿರುಗಿ ಹೋದೀತು.